ಸೈನ್ಯದ ಮಟ್ಟವನ್ನು ಎಲ್ಲಿ ಅಳೆಯಬೇಕು?

ಕುಂಬಾರವಾಡವು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡುಗಳ ನಡುವೆ ಇರುವ ಊರು. ಉತ್ತರಕ್ಕೆ ರಾಮನಗರ, ಲೋಂಡಾ, ಖಾನಾಪುರಗಳನ್ನು ದಾಟಿ ಹೋದರೆ, 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರಕ್ಕೆ ನೆಲೆಯಾಗಿರುವ ಬೆಳಗಾವಿ ಸಿಗುತ್ತದೆ. ದಕ್ಷಿಣಕ್ಕೆ ಅಣಶಿ ಘಟ್ಟವನ್ನು ಇಳಿದರೆ, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿದ ಕಾರವಾರ ಬರುತ್ತದೆ. ಭೂಸೇನೆ ಮತ್ತು ನೌಕಾಸೇನೆಗಳ ಎರಡು ದೊಡ್ಡ ನೆಲೆಗಳ ನಡುವಿನ ಇಂಥ ಊರಿನಲ್ಲಿ ಭರ್ತಿ, ತರಬೇತಿ, ಬಡ್ತಿಗಳ ನಿಯಮ ಬದಲಾದರೆ ಅದು ದೆಹಲಿಯ ಸುದ್ದಿಯಾಗಿ ಉಳಿಯದೆ ಮನೆಮನೆಯ ಲೆಕ್ಕಾಚಾರವಾಗುತ್ತದೆ.

ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಪದಾತಿ ದಳದಲ್ಲಿ ಸೇವೆ ಸಲ್ಲಿಸಿ, ಕೆಲಕಾಲ ತರಬೇತುದಾರರೂ ಆಗಿದ್ದು ನಿವೃತ್ತರಾದ ಸುಬೇದಾರರು. ಇನ್ನೊಬ್ಬರು ಭರ್ತಿ ಪರೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸುವ ಶಾಲಾ ಮಾಸ್ತರು. ಸುಬೇದಾರ ಎಂದರೆ ಸಿಪಾಯಿಯಾಗಿ ಸೇರಿ, ನಾಯಕ್, ಹವಾಲ್ದಾರ್ ಹುದ್ದೆಗಳನ್ನು ದಾಟಿ, ಅಕಾಡೆಮಿಯಿಂದ ಬರುವ ಅಧಿಕಾರಿಗೂ ಸಾಮಾನ್ಯ ಜವಾನನಿಗೂ ನಡುವೆ ನಿಲ್ಲುವ ಜೂನಿಯರ್ ಕಮಿಷನ್ಡ್ ಅಧಿಕಾರಿ. ಇವರಿಬ್ಬರ ವಾದ ಕೊನೆಗೆ ಬಂದು ನಿಲ್ಲುವುದೂ ಈ ನಡುವಿನ ಸ್ಥಾನದ ಮೇಲೆಯೇ.

ಮಾಸ್ತರು: ಸಾಹೇಬರೆ, ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಯಿಂದಲೇ ಆರಂಭಿಸೋಣ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷದೊಳಗಿನವರನ್ನು ನಾಲ್ಕು ವರ್ಷಗಳ ಅವಧಿಗೆ ಸೇರಿಸಿಕೊಂಡು, ಅವಧಿ ಮುಗಿದಾಗ ಶೇ 25ರವರೆಗಿನವರನ್ನು ಮಾತ್ರ ಖಾಯಂ ಸೇವೆಗೆ ಉಳಿಸಿಕೊಂಡು, ಉಳಿದವರನ್ನು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಕೊಟ್ಟು ಕಳುಹಿಸಲಾಗುತ್ತದೆ. ಹಿಂದೆ ಪದಾತಿ ದಳದ ಹೊಸಬರಿಗೆ ಇನ್ನೂ ದೀರ್ಘವಾದ ತರಬೇತಿ ಇತ್ತು. ಈಗ ಹತ್ತು ವಾರ ಪ್ರಾಥಮಿಕ, ಇಪ್ಪತ್ತೊಂದು ವಾರ ಮುಂದುವರಿದ ತರಬೇತಿ ಸೇರಿ 31 ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಅವಧಿ ಕಡಿಮೆಯಾದ ಮೇಲೆ ಮಟ್ಟವೂ ಇಳಿಯಿತೆಂದು ಹೇಳಿದರೆ ತಪ್ಪೇನು?

ಸುಬೇದಾರರು: ಮಟ್ಟವನ್ನು ಸೈನ್ಯ ಒಂದೇ ಕಡೆ ಅಳೆಯುವುದಿಲ್ಲ, ಮಾಸ್ತರೆ. ಭರ್ತಿ ಮೈದಾನದಲ್ಲಿ ಅಳೆಯುವುದು ಒಂದು. ತರಬೇತಿ ಕೇಂದ್ರದಲ್ಲಿ ಕಸಮ್ ಪರೇಡ್, ಅಂದರೆ ಪ್ರಮಾಣವಚನದ ಕವಾಯತಿಗೆ ಮೊದಲು ಅಳೆಯುವುದು ಇನ್ನೊಂದು. ಪಲ್ಟನ್ನಿಗೆ, ಅಂದರೆ ಬೆಟಾಲಿಯನ್ನಿಗೆ, ಹೋದ ಮೇಲೆ ನಿಜವಾದ ಕಾಡು, ಹಿಮ, ಗುಂಡುಗಳ ನಡುವೆ ಅಳೆಯುವುದು ಮೂರನೆಯದು. ಭರ್ತಿಯ ದೈಹಿಕ ಪರೀಕ್ಷೆಯನ್ನೇ ನೋಡಿ: 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ 60 ಅಂಕ, ಬೀಮಿಗೆ ಜೋತು ಬಿದ್ದು ಹತ್ತು ಸಲ ಮೈಯನ್ನು ಮೇಲೆಳೆದವನಿಗೆ 40 ಅಂಕ, ಒಂಬತ್ತು ಅಡಿ ಹಳ್ಳವನ್ನು ಹಾರುವುದು ಮತ್ತು ಅಂಕುಡೊಂಕಾದ ತೊಲೆಯ ಮೇಲೆ ನಡೆಯುವುದರಲ್ಲಿ ತೇರ್ಗಡೆಯಾದರೆ ಸಾಕು. ಇದು ಅಗ್ನಿಪಥಕ್ಕೆ ಮೊದಲೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಅಳೆಯಲು ಸುಲಭವಾದದ್ದನ್ನು ಇಲ್ಲಿ ಅಳೆಯುತ್ತಾರೆ. ಅದನ್ನೇ ಸೈನ್ಯದ ಮಟ್ಟವೆಂದು ಭಾವಿಸುವವರಿಗೆ ಗಡಿಯಾರದ ಕೆಲವು ಕ್ಷಣ ಹೆಚ್ಚಾದರೆ ಸೈನ್ಯವೇ ಕುಸಿದಂತೆ ತೋರುತ್ತದೆ.

ಮಾಸ್ತರು: ಆದರೂ ಭರ್ತಿಯ ಕ್ರಮ ಬದಲಾಗಿದೆಯಲ್ಲ. ಮೊದಲು ರ‍್ಯಾಲಿ ನಡೆದು, ಓಟದಲ್ಲಿ ಗೆದ್ದವರಷ್ಟೇ ಲಿಖಿತ ಪರೀಕ್ಷೆಗೆ ಕೂರುತ್ತಿದ್ದರು. 2023ರಿಂದ ಗಣಕಯಂತ್ರದ ಮುಂದೆ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ ಮೊದಲು, ಮೈದಾನ ಆಮೇಲೆ. ಜೋಯಿಡಾದ ಕುಣಬಿ, ಗೌಳಿ, ಸಿದ್ದಿ ಹುಡುಗರು ಹುಟ್ಟಿದಂದಿನಿಂದ ಏರು ಹತ್ತಿ ಇಳಿದು ಬೆಳೆದವರು. ಕಾಲಿನ ಕಸುವಿನಲ್ಲಿ ಅವರಿಗೆ ಸರಿಸಾಟಿ ಕಡಿಮೆ. ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಊರಿನಲ್ಲಿ, ಅವರ ಬಲ ಯಾವುದೋ ಅದನ್ನು ಕೊನೆಗೆ ಇಟ್ಟು, ಅವರ ಕೊರತೆ ಯಾವುದೋ ಅದನ್ನು ಮೊದಲ ಬಾಗಿಲಾಗಿ ಮಾಡಿದಂತಾಯಿತು.

ಸುಬೇದಾರರು: ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಾವಿರಾರು ಹುಡುಗರು ರಾತ್ರಿಯೇ ಬಂದು ಮೈದಾನದ ಹೊರಗೆ ಮಲಗಿ, ಹಸಿದ ಹೊಟ್ಟೆಯಲ್ಲಿ ನಸುಕಿನಲ್ಲಿ ಓಡುತ್ತಿದ್ದ ಹಳೆಯ ರ‍್ಯಾಲಿಯೂ ನ್ಯಾಯವಾದ ಅಳತೆಯಾಗಿರಲಿಲ್ಲ. 2025ರಿಂದ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಲು ಅವಕಾಶವಾಗಿರುವುದರಿಂದ ತಮ್ಮ ಶಾಲೆಯ ಕೆಲಸವೂ ಸ್ವಲ್ಪ ಹಗುರವಾಗಿರಬೇಕು. ಬಾಗಿಲು ಯಾವ ದಿಕ್ಕಿಗಿದೆ ಎಂಬುದು ಹುಡುಗರಿಗೆ ಮುಖ್ಯ. ಒಳಗೆ ಹೋದವನನ್ನು ಯಾರು, ಹೇಗೆ ತಿದ್ದುತ್ತಾರೆ ಎಂಬುದು ಸೈನ್ಯಕ್ಕೆ ಮುಖ್ಯ. ಚರ್ಚೆ ಎರಡನೆಯದರ ಕಡೆಗೆ ಹೊರಳಬೇಕು.

ಮಾಸ್ತರು: ಹಾಗಾದರೆ ಇತಿಹಾಸದಿಂದ ಹೊರಡೋಣ. ಮಟ್ಟದ ಹೆಸರಿನಲ್ಲಿ ಬದಲಾವಣೆಯನ್ನು ತಡೆಯುವುದು ಇಂದಿನ ಅಭ್ಯಾಸವೇ, ಹಿಂದಿನಿಂದಲೂ ಬಂದದ್ದೇ?

ಸುಬೇದಾರರು: ಹಿಂದಿನಿಂದಲೂ ಬಂದದ್ದು, ಅದಕ್ಕೆ ಸಾಕ್ಷಿ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪನವರ ಸೇವಾದಾಖಲೆ. 1919ರಲ್ಲಿ ಇಂದೋರಿನ ಡ್ಯಾಲಿ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದ ಅವರು 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ, ಅಂದರೆ ಮುಂದೆ ದೊಡ್ಡ ಪಡೆಗಳನ್ನು ನಡೆಸಲಿರುವ ಅಧಿಕಾರಿಗಳಿಗೆ ಯೋಜನೆಯ ಕೆಲಸ ಕಲಿಸುವ ಶಾಲೆಗೆ, ಸೇರಿದ ಮೊದಲ ಭಾರತೀಯ. ಅಷ್ಟಾದರೂ ಒಂದು ಪಲ್ಟನ್ನಿನ ಮುಖ್ಯಸ್ಥರಾಗಲು 1942ರವರೆಗೆ ಕಾಯಬೇಕಾಯಿತು, ಆ ಹುದ್ದೆಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಭಾರತೀಯರ ಕೈಕೆಳಗೆ ಕೆಲಸ ಮಾಡಲು ಬ್ರಿಟಿಷ್ ಅಧಿಕಾರಿಗಳು ಒಪ್ಪುವುದಿಲ್ಲ, ದಕ್ಷತೆ ಕೆಡುತ್ತದೆ ಎಂಬ ಭಯದಿಂದ 1923ರಲ್ಲಿ ‘ಎಂಟು ಪಡೆಗಳ ಯೋಜನೆ’ ಬಂದಿತ್ತು. ಭಾರತೀಯ ಅಧಿಕಾರಿಗಳನ್ನು ಆರಿಸಿದ ಎಂಟು ಪಡೆಗಳಿಗೆ ಮಾತ್ರ ಕಳುಹಿಸಿ, ಅವರು ಯಶಸ್ವಿಯಾಗುತ್ತಾರೋ ಇಲ್ಲವೋ ಎಂದು ಪ್ರತ್ಯೇಕವಾಗಿಟ್ಟು ನೋಡುವ ವ್ಯವಸ್ಥೆ ಅದು. ಮರಾಠಾ ರೆಜಿಮೆಂಟಿನ ಒಂದು ಪಲ್ಟನ್ನೂ, ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು ಸೇರಿದ ಹೈದರಾಬಾದ್ ರೆಜಿಮೆಂಟಿನ ಪಲ್ಟನ್ನೂ ಆ ಎಂಟರಲ್ಲಿದ್ದವು. ಎರಡನೆಯ ಮಹಾಯುದ್ಧ ಬಂದು ಅಧಿಕಾರಿಗಳ ಅಭಾವ ತಲೆದೋರಿದಾಗ ಈ ಬೇಲಿ ತಾನಾಗಿ ಮುರಿಯಿತು. 1945ರಲ್ಲಿ ತಿಮ್ಮಯ್ಯನವರು ಬರ್ಮಾ ರಣರಂಗದಲ್ಲಿ ಇಡೀ ಬ್ರಿಗೇಡನ್ನು ನಡೆಸಿದರು. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ದಂಡನಾಯಕತ್ವವನ್ನು ವಹಿಸಿಕೊಂಡರು. ಆ ದಿನವೇ ಇಂದು ಸೇನಾ ದಿನ.

ಮಾಸ್ತರು: ಈ ಕಥೆ ಪಠ್ಯಪುಸ್ತಕದಲ್ಲೂ ಇದೆ. ಇದರಲ್ಲಿ ಹೊಸದಾಗಿ ಕಾಣಬೇಕಾದದ್ದು ಯಾವುದು?

ಸುಬೇದಾರರು: ಪಠ್ಯಪುಸ್ತಕ ಹೇಳದ ಒಂದು ಸಂಗತಿ ಇದೆ. ಅಂದು ಇಂದಿನ ಜೂನಿಯರ್ ಕಮಿಷನ್ಡ್ ಅಧಿಕಾರಿಯ ಸ್ಥಾನದಲ್ಲಿ ವೈಸರಾಯ್ ಕಮಿಷನ್ ಪಡೆದ ಸುಬೇದಾರ, ಜಮಾದಾರರಿದ್ದರು; ಪ್ಲಟೂನ್, ಅಂದರೆ ಮೂವತ್ತರ ಆಸುಪಾಸಿನ ಸೈನಿಕರ ತುಕಡಿ, ಅವರ ಕೈಯಲ್ಲಿರುತ್ತಿತ್ತು. ಆ ಎಂಟು ಪಡೆಗಳಲ್ಲಿ ಈ ಹಿರಿಯರನ್ನು ಕ್ರಮೇಣ ತೆಗೆದು, ಅವರ ಜಾಗಕ್ಕೆ 1932ರಲ್ಲಿ ಆರಂಭವಾದ ಡೆಹ್ರಾಡೂನ್ ಅಕಾಡೆಮಿಯಿಂದ ಹೊರಬಂದ ಎಳೆಯ ಭಾರತೀಯ ಅಧಿಕಾರಿಗಳನ್ನು ಹಾಕುವುದು ಸರ್ಕಾರದ ಯೋಜನೆಯಾಗಿತ್ತು. ಮೇಲ್ನೋಟಕ್ಕೆ ಭಾರತೀಯರಿಗೆ ಅವಕಾಶ ಕೊಟ್ಟಂತೆ ಕಂಡರೂ, ನಿಜದಲ್ಲಿ ಹಳ್ಳಿಯಿಂದ ಬಂದು ಇಪ್ಪತ್ತು ವರ್ಷ ಸೇವೆ ಮಾಡಿದ ಅನುಭವಿಯ ಸ್ಥಾನವನ್ನೇ ಅಳಿಸಿ, ವಿದ್ಯಾವಂತ ಭಾರತೀಯನನ್ನು ಅದೇ ಕೆಳ ಮೆಟ್ಟಿಲಿನಲ್ಲಿ ನಿಲ್ಲಿಸಿದಂತಿತ್ತು. ಯುದ್ಧಕಾಲದಲ್ಲಿ ಈ ಯೋಜನೆಯನ್ನು ಕೈಬಿಡಲಾಯಿತು, ಸ್ವತಂತ್ರ ಭಾರತದ ಸೈನ್ಯ ಸುಬೇದಾರನ ಸ್ಥಾನವನ್ನು ಉಳಿಸಿಕೊಂಡಿತು. ನಾಯಕತ್ವದ ಸುಧಾರಣೆ ಎಂದಾಗ ಎಲ್ಲರ ಕಣ್ಣು ಮೇಲಿನ ಹುದ್ದೆಗಳ ಮೇಲೆ ಇರುತ್ತದೆ. ಪೆಟ್ಟು ಬೀಳುವುದು ಮಾತ್ರ ಮಧ್ಯದ ಸ್ಥಾನಕ್ಕೆ.

ಇಲ್ಲಿಗೆ ಸುಬೇದಾರರ ವಾದದ ತಳಹದಿ ಸ್ಪಷ್ಟವಾಗುತ್ತದೆ: ಸೈನ್ಯದ ಮಟ್ಟವು ಅಕಾಡೆಮಿಯ ಪಠ್ಯಕ್ರಮದಲ್ಲಾಗಲಿ ಭರ್ತಿಯ ಓಟದಲ್ಲಾಗಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ, ಹತ್ತು ಜನರ ಸೆಕ್ಷನ್ನನ್ನು ನಡೆಸುವ ಹವಾಲ್ದಾರ ಮತ್ತು ಮೂರು ಸೆಕ್ಷನ್‌ಗಳ ಪ್ಲಟೂನನ್ನು ನಡೆಸುವ ಸುಬೇದಾರನಲ್ಲಿ ನಿರ್ಧಾರವಾಗುತ್ತದೆ. ಮಾಸ್ತರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ.

ಮಾಸ್ತರು: ಮಧ್ಯದವರು ಎಷ್ಟೇ ಗಟ್ಟಿಯಾಗಿದ್ದರೂ ಮೇಲಿನವರ ನಿರ್ಧಾರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1962ರ ಚೀನಾ ಯುದ್ಧ ಇದೆಯಲ್ಲ. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಹೆಸರು ಗಳಿಸಿದ್ದ ನಾಲ್ಕನೆಯ ಡಿವಿಷನ್ ಅನ್ನು ಹಿಮಾಲಯದ ಕಾಮೆಂಗಿಗೆ ಕಳುಹಿಸಿದಾಗ ಅದಕ್ಕೆ ಪರ್ವತ ಯುದ್ಧದ ತರಬೇತಿಯೂ ಇರಲಿಲ್ಲ, ಬೆಚ್ಚನೆಯ ಬಟ್ಟೆಯೂ ಸಾಲದಾಗಿತ್ತು. ಅದಕ್ಕೆ ಕೆಲವೇ ವರ್ಷ ಮೊದಲು ಅದೇ ಡಿವಿಷನ್ನಿನ ಸೈನಿಕರನ್ನು ಅಂಬಾಲಾದಲ್ಲಿ ವಸತಿಗೃಹಗಳನ್ನು ಕಟ್ಟುವ ಕೆಲಸಕ್ಕೆ ಹಚ್ಚಲಾಗಿತ್ತು. ಆಗ ಸೇನಾ ಮುಖ್ಯಸ್ಥರಾಗಿದ್ದವರು ಕನ್ನಡ ನಾಡಿನವರೇ ಆದ ತಿಮ್ಮಯ್ಯನವರು. ಹೀಗಿರುವಾಗ ಹವಾಲ್ದಾರನೊಬ್ಬನಿಂದ ಏನಾದೀತು?

ಸುಬೇದಾರರು: ಆ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಬಡ್ತಿಗಳಲ್ಲಿ ರಕ್ಷಣಾ ಸಚಿವರ ಹಸ್ತಕ್ಷೇಪವನ್ನು ವಿರೋಧಿಸಿ 1959ರಲ್ಲಿ ರಾಜೀನಾಮೆ ಕೊಟ್ಟು, ಪ್ರಧಾನಿಯವರ ಮಾತಿನ ಮೇಲೆ ಅದನ್ನು ಹಿಂತೆಗೆದುಕೊಂಡ ತಿಮ್ಮಯ್ಯನವರ ಕಾಲದಲ್ಲೇ ತರಬೇತಿಯ ಸಮಯ ಇಟ್ಟಿಗೆ ಗಾರೆಗೆ ಹೋಯಿತು ಎಂಬುದು ನಿಜ. ದೊಡ್ಡ ಸೇನಾನಿಯ ಕೀರ್ತಿ ಆ ವಾಸ್ತವವನ್ನು ಅಳಿಸುವುದಿಲ್ಲ. ಆದರೆ 1962ರ ಪಾಠದಲ್ಲಿ ಇನ್ನೊಂದು ಮುಖವಿದೆ. ಒಂದು ನೆಲಕ್ಕೆ ಹೊಂದಿದ ತರಬೇತಿ ಇನ್ನೊಂದು ನೆಲಕ್ಕೆ ಹೊಂದುವುದಿಲ್ಲ ಎಂದು ಆಗ ಅರಿವಾಯಿತು. ಆ ವರ್ಷದ ನವೆಂಬರಿನಲ್ಲಿ, ಎತ್ತರದ ನೆಲದಲ್ಲೇ ಹುಟ್ಟಿ ಬೆಳೆದ ಟಿಬೆಟನ್ನರನ್ನು ಸೇರಿಸಿ ವಿಶೇಷ ಗಡಿ ಪಡೆಯನ್ನು ಕಟ್ಟಲಾಯಿತು. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ವಸಾಹತಿನ ಯುವಕರೂ ಆ ಪಡೆಗೆ ಸೇರುತ್ತ ಬಂದಿದ್ದಾರೆ. ಬಳಿಕ ಪರ್ವತ ಡಿವಿಷನ್ನುಗಳು ಬಂದವು, ಮಿಜೋರಾಮಿನ ವೈರೆಂಗ್ಟೆಯಲ್ಲಿ ಕಾಡಿನ ಯುದ್ಧಕ್ಕೆ ಶಾಲೆ ಬಂತು, 1970ರ ಕೊನೆಯಲ್ಲಿ ಬೆಳಗಾವಿಯಲ್ಲಿ ಕಮಾಂಡೊ ವಿಭಾಗ ಬಂತು.

ಮಾಸ್ತರು: ಬೆಳಗಾವಿ ಎಂದರೆ ಊರಿನವರಿಗೆ ಮರಾಠಾ ಕೇಂದ್ರವಷ್ಟೇ ನೆನಪಿಗೆ ಬರುತ್ತದೆ. ಕಮಾಂಡೊ ವಿಭಾಗ ಅದರದ್ದೇ ಭಾಗವಲ್ಲವೆ?

ಸುಬೇದಾರರು: ಅಲ್ಲ. ಮರಾಠಾ ರೆಜಿಮೆಂಟಲ್ ಕೇಂದ್ರ ಹೊಸಬನನ್ನು ಸಿಪಾಯಿಯಾಗಿಸುವ ಜಾಗ. ಅದೇ ಊರಿನಲ್ಲಿರುವ ಇನ್ನೊಂದು ಸಂಸ್ಥೆ, ಮಧ್ಯಪ್ರದೇಶದ ಮಹೂನಲ್ಲಿ ಮುಖ್ಯ ನೆಲೆ ಹೊಂದಿರುವ ಪದಾತಿ ಶಾಲೆಯ ಜೂನಿಯರ್ ಲೀಡರ್ಸ್ ವಿಭಾಗ. ಹೆಸರೇ ಹೇಳುವಂತೆ ಅದು ಕೆಳ ಹಂತದ ಮುಂದಾಳುಗಳನ್ನು ತಯಾರಿಸುವ ಶಾಲೆ. ದೇಶದ ಬೇರೆ ಬೇರೆ ಪಲ್ಟನ್ನುಗಳಿಂದ ನಾಯಕ್, ಹವಾಲ್ದಾರ್, ಸುಬೇದಾರರು ಇಲ್ಲಿಗೆ ಬಂದು ಸೆಕ್ಷನ್ ಮತ್ತು ಪ್ಲಟೂನ್ ನಡೆಸುವುದನ್ನು ಕಲಿತು ಹಿಂದಿರುಗುತ್ತಾರೆ. ಪದಾತಿ ದಳದ ಯುವ ಅಧಿಕಾರಿಗಳು ಇಲ್ಲಿಯ ಕಮಾಂಡೊ ತರಬೇತಿಗೆ ಬರುವುದು ವಾಡಿಕೆ. ಒಂದೇ ಊರಿನಲ್ಲಿ ಸಿಪಾಯಿಯನ್ನು ಮಾಡುವ ಕೇಂದ್ರವೂ, ಸಿಪಾಯಿಯನ್ನು ನಡೆಸುವವನನ್ನು ಮಾಡುವ ಶಾಲೆಯೂ ಇರುವುದರಿಂದ ಈ ಎರಡು ಕೆಲಸಗಳ ಅಂತರವನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮಾಸ್ತರು: ಆ ಅಂತರ ಏನೆಂಬುದನ್ನು, ಸೈನ್ಯ ನೋಡದವರಿಗೂ ತಿಳಿಯುವಂತೆ ಹೇಳಬಹುದೆ?

ಸುಬೇದಾರರು: ಸೆಕ್ಷನ್ ಕಮಾಂಡರನ ಒಂದು ಪಾಠವನ್ನೇ ತೆಗೆದುಕೊಳ್ಳಬಹುದು. ನೆಲದ ಮೇಲೆ ಮರಳು ಹರಡಿ, ಗುಡ್ಡ, ತೊರೆ, ಕಾಲುದಾರಿಗಳನ್ನು ಗುರುತಿಸಿ, ಹೋಗಬೇಕಾದ ಜಾಗದ ಮಾದರಿಯನ್ನು ಮಾಡಲಾಗುತ್ತದೆ. ಹವಾಲ್ದಾರ ತನ್ನ ಹತ್ತು ಜನರನ್ನು ಅದರ ಸುತ್ತ ಕೂರಿಸಿಕೊಂಡು, ಶತ್ರುವಿನ ಮಾಹಿತಿ, ಕೆಲಸದ ಉದ್ದೇಶ, ಅದನ್ನು ಮಾಡುವ ವಿಧಾನ, ಗುಂಡು–ನೀರು–ಗಾಯಾಳುಗಳ ವ್ಯವಸ್ಥೆ, ಪರಸ್ಪರ ಸಂಪರ್ಕ ಎಂಬ ಕ್ರಮದಲ್ಲಿ ಆದೇಶ ಕೊಡುತ್ತಾನೆ. ಆಮೇಲೆ ಒಬ್ಬೊಬ್ಬ ಜವಾನನಿಂದಲೂ ಅವನವನ ಪಾಲಿನ ಕೆಲಸವನ್ನು ಹೇಳಿಸುತ್ತಾನೆ. ಇಷ್ಟನ್ನು ಬಾಯಿಪಾಠ ಮಾಡಬಹುದು. ಆದರೆ ರಾತ್ರಿ ನಡಿಗೆ ಅರ್ಧ ದಾರಿಗೆ ಬಂದಾಗ ಉಸ್ತಾದ, ಅಂದರೆ ತರಬೇತುದಾರ, ‘ಕಮಾಂಡರ್ ಬಿದ್ದ’ ಎಂದು ಸಾರಿ ಹವಾಲ್ದಾರನನ್ನು ಪಕ್ಕಕ್ಕೆ ಕರೆದುಬಿಡುತ್ತಾನೆ. ಆಗ ಉಳಿದವರಲ್ಲಿ ಹಿರಿಯನು ಮುಂದೆ ಬಂದು, ದಾರಿ ತಪ್ಪದೆ, ಗದ್ದಲವಿಲ್ಲದೆ ಕೆಲಸ ಮುಂದುವರಿಸಿದನೆ ಎಂಬುದನ್ನು ಉಸ್ತಾದ ನೋಡುತ್ತಾನೆ. ಸೆಕ್ಷನ್ ಚದುರಿದರೆ ಅಂಕ ಕಳೆದುಕೊಳ್ಳುವವನು ಪಕ್ಕಕ್ಕೆ ನಿಂತ ಹವಾಲ್ದಾರನೇ. ತನ್ನ ಅನುಪಸ್ಥಿತಿಯಲ್ಲೂ ಕೆಲಸ ನಡೆಯುವಂತೆ ಕಲಿಸದವನು ಮುಂದಾಳಲ್ಲ ಎಂಬುದು ಇದರ ಹಿಂದಿನ ತತ್ತ್ವ. ಇಂಥ ಗುಣವನ್ನು ಗಡಿಯಾರ ಹಿಡಿದು ಅಳೆಯಲಾಗದು, ಮೂವತ್ತೊಂದು ವಾರಗಳಲ್ಲಿ ಅದು ಬರುವುದೂ ಇಲ್ಲ. ಅಗ್ನಿಪಥಕ್ಕೆ ಮೊದಲಿನ ದೀರ್ಘ ತರಬೇತಿಯಲ್ಲೂ ಹೊಸಬನಿಗೆ ಅದು ಬರುತ್ತಿರಲಿಲ್ಲ, ಪಲ್ಟನ್ನಿನಲ್ಲಿ ವರ್ಷಗಳ ಕಾಲ ಹಿರಿಯರ ಪಕ್ಕದಲ್ಲಿ ಇದ್ದು ಬರುತ್ತಿತ್ತು.

ಮಾಸ್ತರು: ರಗಡಾ ಎಂಬ ಮಾತನ್ನು ಹುಡುಗರು ಅಭಿಮಾನದಿಂದ ಆಡುತ್ತಾರೆ. ಉಸ್ತಾದರು ಮೈ ಹಣ್ಣು ಮಾಡುವಂತೆ ದಂಡಿಸುವುದರಿಂದಲೇ ಸೈನಿಕ ಗಟ್ಟಿಯಾಗುತ್ತಾನೆ, ಈಗ ಅದು ಕಡಿಮೆಯಾಗಿದೆ ಎಂದು ಹಳಬರು ಕೊರಗುವುದೂ ಉಂಟು.

ಸುಬೇದಾರರು: ದಂಡನೆಯನ್ನು ತರಬೇತಿಯೆಂದು ತಿಳಿಯುವುದು ಸೋಮಾರಿ ಉಸ್ತಾದನ ಲಕ್ಷಣ. ಮೈ ದಣಿಸುವುದರಿಂದ ಸಹನೆ ಬರುತ್ತದೆ ನಿಜ. ಆದರೆ ಯಾಕೆ ದಣಿಸಲಾಯಿತು ಎಂದು ತಿಳಿಯದ ಸಿಪಾಯಿ, ಮುಂದೆ ತಾನು ನಾಯಕ್ ಆದಾಗ ಕಿರಿಯನನ್ನು ಸುಮ್ಮನೆ ದಣಿಸುವುದನ್ನಷ್ಟೇ ಕಲಿತಿರುತ್ತಾನೆ. ಹೊಸ ಹುಡುಗರು ಹತ್ತನೆಯ ತರಗತಿ, ಪಿಯುಸಿ ಓದಿದವರು, ಪ್ರಶ್ನೆ ಕೇಳುತ್ತಾರೆ. ಪ್ರಶ್ನೆಗೆ ಉತ್ತರ ಕೊಟ್ಟು ಆಜ್ಞೆ ಪಾಲಿಸುವಂತೆ ಮಾಡುವುದು ಹೆಚ್ಚು ಕಷ್ಟದ ನಾಯಕತ್ವ. ಮಟ್ಟ ಏರಬೇಕಾದದ್ದು ಇಲ್ಲಿ.

ಮಾಸ್ತರು: ಪ್ರಶ್ನೆ ಕೇಳುವವರಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗಾಗಿ ಮಟ್ಟ ಸಡಿಲಿಸಲಾಗಿದೆ ಎಂಬ ಮಾತನ್ನು ಹಳ್ಳಿಯ ಕಟ್ಟೆಯ ಮೇಲೂ ಕೇಳಬಹುದು.

ಸುಬೇದಾರರು: ಹಳ್ಳಿಯ ಕಟ್ಟೆಯ ಮಾತನ್ನು ಸರ್ಕಾರವೇ ಸುಪ್ರೀಂ ಕೋರ್ಟಿನ ಮುಂದೆ ಒಯ್ದಿತ್ತು, ಮಾಸ್ತರೆ. ಸೈನಿಕರಲ್ಲಿ ಹೆಚ್ಚಿನವರು ಗ್ರಾಮೀಣ ಹಿನ್ನೆಲೆಯವರು, ಮಹಿಳಾ ಅಧಿಕಾರಿಯ ಆಜ್ಞೆಯನ್ನು ಒಪ್ಪಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂಬ ವಾದವನ್ನು ಮಂಡಿಸಲಾಗಿತ್ತು. 2020ರ ಫೆಬ್ರುವರಿ 17ರ ತೀರ್ಪಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಮಹಿಳಾ ಅಧಿಕಾರಿಗಳಿಗೆ ಖಾಯಂ ಕಮಿಷನ್ ಮತ್ತು ನೇತೃತ್ವದ ಹುದ್ದೆಗಳ ದಾರಿಯನ್ನು ತೆರೆಯಿತು. ಆ ವಾದದಲ್ಲಿ ಅವಮಾನವಾದದ್ದು ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಕುಂಬಾರವಾಡದಂಥ ಊರುಗಳ ಗಂಡುಮಕ್ಕಳಿಗೂ ಹೌದು. ಒಂದು ವರ್ಷದ ಬಳಿಕ, 2021ರ ಮಾರ್ಚಿನಲ್ಲಿ, ಅದೇ ನ್ಯಾಯಾಲಯ ಮಟ್ಟದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಖಾಯಂ ಕಮಿಷನ್ನಿಗೆ ಬೇಕಾದ ‘ಶೇಪ್–1’ ಎಂಬ ಅತ್ಯುತ್ತಮ ಆರೋಗ್ಯ ಶ್ರೇಣಿಯನ್ನು ಪುರುಷ ಅಧಿಕಾರಿಗಳಿಂದ ಅವರ 25ರಿಂದ 30ರ ವಯಸ್ಸಿನಲ್ಲಿ ಕೇಳಲಾಗಿತ್ತು. ವರ್ಷಗಟ್ಟಲೆ ಅವಕಾಶ ತಡೆಹಿಡಿದು, ಅದೇ ಶ್ರೇಣಿಯನ್ನು ಮಹಿಳೆಯರಿಂದ 40ರಿಂದ 50ರ ವಯಸ್ಸಿನಲ್ಲಿ ಕೇಳುವುದು ಪರೋಕ್ಷ ತಾರತಮ್ಯ ಎಂದು ಅದು ಹೇಳಿತು. ಕಾಗದದ ಮೇಲೆ ಇಬ್ಬರಿಗೂ ಒಂದೇ ನಿಯಮ. ಅಳೆಯುವ ಸಮಯ ಬದಲಾದ್ದರಿಂದ ಅದು ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಗೋಡೆಯಾಯಿತು.

ಮಾಸ್ತರು: ಕೋರ್ಟಿನ ಮಾತು ಅಧಿಕಾರಿಗಳದ್ದಾಯಿತು. ಸಾಮಾನ್ಯ ಸೈನಿಕರಲ್ಲಿ?

ಸುಬೇದಾರರು: ಅದಕ್ಕೂ ಕರ್ನಾಟಕವೇ ಮೊದಲ ನೆಲ. ಮಹಿಳಾ ಮಿಲಿಟರಿ ಪೊಲೀಸ್ ಹುದ್ದೆಗಳಿಗೆ ಮೊದಲ ಭರ್ತಿ ರ‍್ಯಾಲಿ 2019ರ ಆಗಸ್ಟಿನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 61 ವಾರಗಳ ತರಬೇತಿ ಮುಗಿಸಿದ 83 ಮಹಿಳೆಯರ ಮೊದಲ ತಂಡ 2021ರ ಮೇ 8ರಂದು ಸೈನ್ಯ ಸೇರಿತು. ಇವರ ತರಬೇತಿ 61 ವಾರ, ಅಗ್ನಿವೀರರದ್ದು 31 ವಾರ ಎಂಬುದನ್ನು ಗಮನಿಸಿ. ಕೆಲಸದ ಸ್ವರೂಪ ಬೇರೆಯಾದ್ದರಿಂದ ಇವೆರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಆದರೆ ಹೆಣ್ಣುಮಕ್ಕಳು ಬಂದದ್ದರಿಂದ ತರಬೇತಿ ಕಿರಿದಾಯಿತು ಎನ್ನುವವರಿಗೆ ಈ ಅಂಕಿಗಳೇ ಉತ್ತರ. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ ಮೊದಲ ಮಹಿಳಾ ಕೆಡೆಟ್‌ಗಳ ಪೈಕಿ 17 ಮಂದಿ 2025ರ ಮೇ ತಿಂಗಳಲ್ಲಿ ಉತ್ತೀರ್ಣರಾಗಿ ಹೊರಬಂದರು.

ಮಾಸ್ತರು: ಅಲ್ಲಿಗೆ ಮಾತು ಮತ್ತೆ ಅಗ್ನಿಪಥದ ಬಳಿಗೇ ಬಂತು. ಕೆಳ ಹಂತದ ಮುಂದಾಳು ವರ್ಷಗಳ ಕಾಲ ಹಿರಿಯರ ಪಕ್ಕದಲ್ಲಿ ಬೆಳೆಯುತ್ತಾನೆ ಎಂದು ತಾವೇ ಒಪ್ಪಿದ್ದೀರಿ. ನಾಲ್ಕು ವರ್ಷಕ್ಕೆ ಮನೆಗೆ ಹೋಗುವವನಿಗೆ ಆ ಕಾಲ ಎಲ್ಲಿದೆ? ಅಗ್ನಿವೀರ ಎಂಬುದು ಉಳಿದ ಹುದ್ದೆಗಳಿಗಿಂತ ಬೇರೆಯಾದ ಪ್ರತ್ಯೇಕ ಶ್ರೇಣಿ. ಆ ನಾಲ್ಕು ವರ್ಷಗಳಲ್ಲಿ ಅವನು ನಾಯಕ್ ಆಗುವುದಿಲ್ಲ, ಸೆಕ್ಷನ್ ನಡೆಸುವುದಿಲ್ಲ. ಮುನ್ನಡೆಸಲು ಅವಕಾಶವನ್ನೇ ಕೊಡದೆ, ಮುಂದೆ ಯಾರು ಮುಂದಾಳಾಗುತ್ತಾರೆ ಎಂದು ಆರಿಸುವುದಾದರೂ ಹೇಗೆ?

ಸುಬೇದಾರರು: ಯೋಜನೆಯ ಪರವಾದ ವಾದವನ್ನು ಮೊದಲು ಅದರ ಪೂರ್ಣ ಬಲದಲ್ಲಿ ಇಡಬೇಕು. 1999ರ ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ, ಎತ್ತರದ ಗಡಿಯಲ್ಲಿ ಹೋರಾಡುವ ಸೈನ್ಯ ಸದಾ ತರುಣವಾಗಿರಬೇಕು, ಹದಿನೇಳು ವರ್ಷಗಳ ಸೇವಾವಧಿಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಬೇಕು ಎಂದು ಸೂಚಿಸಿತ್ತು. ಸೈನಿಕರ ಸರಾಸರಿ ವಯಸ್ಸನ್ನು ನಾಲ್ಕೈದು ವರ್ಷ ಇಳಿಸುವುದು ಅಗ್ನಿಪಥದ ಘೋಷಿತ ಉದ್ದೇಶ. ಹೊಸ ಯುಗದ ಉಪಕರಣಗಳನ್ನು ಬೇಗ ಕಲಿಯುವ ತರುಣರು ಬೇಕೆಂಬುದೂ ಸರಿಯೇ.

ಮಾಸ್ತರು: ಸಮಿತಿ ಹೇಳಿದ್ದು ಏಳರಿಂದ ಹತ್ತು, ಬಂದದ್ದು ನಾಲ್ಕು.

ಸುಬೇದಾರರು: ಅಂತರವಿರುವುದು ಅಲ್ಲಿಯೇ, ಅದನ್ನು ಅಲ್ಲಗಳೆಯಲಾಗದು. ಆದರೆ ವರ್ಷಗಳ ಎಣಿಕೆಗಿಂತ ಆಯ್ಕೆಯ ಬಗೆ ಹೆಚ್ಚು ನಿರ್ಣಾಯಕ. ಜೋಯಿಡಾದ ಕುಣಬಿ ರೈತರು ಗೆಡ್ಡೆಗೆಣಸು ಅಗೆದಾಗ ಒಂದು ಪಾಲನ್ನು ಮುಂದಿನ ಮಳೆಗಾಲದ ಬಿತ್ತನೆಗೆ ತೆಗೆದಿಡುತ್ತಾರೆ. ಹಾಗೆ ತೆಗೆದಿಡುವುದು ತೂಕದಲ್ಲಿ ಹೆಚ್ಚಿನದನ್ನಲ್ಲ, ಮೊಳಕೆಯ ಕಣ್ಣು ಚೆನ್ನಾಗಿದ್ದು ಕೊಳೆಯದೆ ಉಳಿಯುವ ಗೆಡ್ಡೆಯನ್ನು. ಉಳಿಸಿಕೊಳ್ಳುವ ಶೇ 25 ಮಂದಿ ಸೈನ್ಯಕ್ಕೆ ಇಂಥ ಬಿತ್ತನೆಯ ಪಾಲು. ಅವರು ಮುಂದೆ ಕನಿಷ್ಠ ಹದಿನೈದು ವರ್ಷ ಸೇವೆಯಲ್ಲಿದ್ದು, ನಾಳಿನ ನಾಯಕ್, ಹವಾಲ್ದಾರ್, ಸುಬೇದಾರರಾಗಿ, ಉಸ್ತಾದರಾಗಿ, ಮುಂದಿನ ತಲೆಮಾರಿನ ಅಗ್ನಿವೀರರನ್ನು ತಿದ್ದುವವರು. ಓಟ, ಗುರಿ, ಲಿಖಿತ ಪರೀಕ್ಷೆಗಳ ಅಂಕದಿಂದಲೇ ಅವರನ್ನು ಆರಿಸಿದರೆ, ತಾವೊಬ್ಬರೇ ಚೆನ್ನಾಗಿ ಮಾಡುವವರು ಸಿಗುತ್ತಾರೆ, ಹತ್ತು ಜನರಿಂದ ಮಾಡಿಸುವವರು ತಪ್ಪಿಹೋಗಬಹುದು.

ಮಾಸ್ತರು: ಅದರ ಜೊತೆ ಇನ್ನೊಂದು ಅಪಾಯವಿದೆ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಜಾಗವಿದೆ ಎಂದು ಗೊತ್ತಿರುವ ನಾಲ್ವರು ಒಂದೇ ಬ್ಯಾರಕ್ಕಿನಲ್ಲಿದ್ದರೆ, ಜೊತೆಗಾರನಿಗೆ ಕಲಿಸುವುದು ತನ್ನ ಜಾಗವನ್ನು ಬಿಟ್ಟುಕೊಟ್ಟಂತೆ ಎಂದು ಅನಿಸದೆ? ಸೈನ್ಯದಲ್ಲಿ ಇಬ್ಬಿಬ್ಬರನ್ನು ಒಡನಾಡಿ ಜೋಡಿಯಾಗಿ ಕಟ್ಟಿ, ಒಬ್ಬನ ಪ್ರಾಣಕ್ಕೆ ಇನ್ನೊಬ್ಬನನ್ನು ಹೊಣೆಮಾಡುವ ಪದ್ಧತಿಗೆ ಈ ಪೈಪೋಟಿ ಎದುರಾಗಿ ನಿಲ್ಲುವುದಿಲ್ಲವೆ?

ಸುಬೇದಾರರು: ನಿಲ್ಲಬಹುದು. ಅದನ್ನು ತಡೆಯುವ ಉಪಾಯವೂ ಅಂಕಪಟ್ಟಿಯಲ್ಲೇ ಇದೆ: ಜೋಡಿಗಾರ ಸುಧಾರಿಸಿದರೆ ಇವನಿಗೂ ಅಂಕ ಬರಬೇಕು, ಹೊಸದಾಗಿ ಪಲ್ಟನ್ನಿಗೆ ಬಂದ ಕಿರಿಯನಿಗೆ ಎರಡನೆಯ, ಮೂರನೆಯ ವರ್ಷದ ಅಗ್ನಿವೀರ ಏನು ಕಲಿಸಿದ ಎಂಬುದನ್ನು ದಾಖಲಿಸಬೇಕು, ಅಭ್ಯಾಸದ ಗಸ್ತುಗಳಲ್ಲಿ ಸರದಿಯಂತೆ ಅವನ ಕೈಗೆ ಸೆಕ್ಷನ್ ಕೊಟ್ಟು ನೋಡಬೇಕು. ಹುದ್ದೆ ಕೊಡಲಾಗದಿದ್ದರೂ ಹೊಣೆ ಕೊಡಬಹುದು. ಬೆಳಗಾವಿಯ ಶಾಲೆ ಹವಾಲ್ದಾರನನ್ನು ಪರೀಕ್ಷಿಸುವ ಬಗೆಯನ್ನೇ ಅಗ್ನಿವೀರನ ಮೂರನೆಯ ವರ್ಷಕ್ಕೆ ಇಳಿಸಿದರೆ, ಆಯ್ಕೆಗೆ ಬೇಕಾದ ಕಣ್ಣು ದೊರೆಯುತ್ತದೆ.

ಮಾಸ್ತರು: ಅಷ್ಟು ಸೂಕ್ಷ್ಮವಾಗಿ ನೋಡುವ ಹವಾಲ್ದಾರ, ಸುಬೇದಾರರು ಇಂದು ಇದ್ದಾರೆ, ಏಕೆಂದರೆ ಅವರು ಹಳೆಯ ಪದ್ಧತಿಯಲ್ಲಿ ಹದಿನೈದು, ಇಪ್ಪತ್ತು ವರ್ಷ ಬೆಳೆದವರು. ಅವರು ನಿವೃತ್ತರಾದ ಮೇಲೆ ನೋಡುವ ಕಣ್ಣು ಯಾರದು?

ಸುಬೇದಾರರು: ಆ ಪ್ರಶ್ನೆಗೆ ಉತ್ತರ ಇಂದಿನ ಕೈಯಲ್ಲಿಲ್ಲ, 2023ರ ಆಗಸ್ಟಿನಲ್ಲಿ ತರಬೇತಿ ಮುಗಿಸಿ ಹೊರಬಂದ ಮೊದಲ ತಂಡದಿಂದ ಉಳಿಯುವವರೇ ಅದಕ್ಕೆ ಉತ್ತರ ಕೊಡಬೇಕು. ಇಂದಿನ ಹಿರಿಯರು ಸೇವೆಯಲ್ಲಿರುವಷ್ಟು ವರ್ಷಗಳೇ ಸೈನ್ಯಕ್ಕೆ ಸಿಕ್ಕಿರುವ ಗಡುವು. ಆದ್ದರಿಂದ ಅನುಭವಿ ಹವಾಲ್ದಾರರನ್ನು ತರಬೇತಿ ಕೇಂದ್ರಗಳಿಗೆ ಕಳುಹಿಸುವುದನ್ನು, ಪಲ್ಟನ್ನಿನಲ್ಲಿ ಬೇಡವಾದವರಿಗೆ ಕೊಡುವ ವಿಶ್ರಾಂತಿಯ ಹುದ್ದೆಯಾಗಿ ನೋಡದೆ, ಉತ್ತಮರಲ್ಲಿ ಉತ್ತಮರಿಗೆ ಸಲ್ಲುವ ಗೌರವವಾಗಿ ಮಾಡುವುದು ಮೊದಲ ಕೆಲಸ.

ಸಂವಾದದ ಕೊನೆಯಲ್ಲೂ ಇಬ್ಬರ ನಿಲುವುಗಳು ಒಂದಾಗುವುದಿಲ್ಲ. ಮುಂದಾಳು ಬೆಳೆಯಲು ಬೇಕಾದ ಕನಿಷ್ಠ ಕಾಲವೊಂದಿದೆ, ನಾಲ್ಕು ವರ್ಷ ಅದಕ್ಕಿಂತ ಕಡಿಮೆ, ಅವಧಿಯನ್ನು ಏಳು ವರ್ಷಕ್ಕಾದರೂ ಏರಿಸಿ ಉಳಿಸಿಕೊಳ್ಳುವ ಪಾಲನ್ನು ಹೆಚ್ಚಿಸದೆ ಬೇರೆ ಉಪಾಯಗಳು ಫಲಿಸವು ಎಂಬುದು ಮಾಸ್ತರ ನಿಲುವು. ಅವಧಿ ಹೆಚ್ಚಿದರೆ ಒಳ್ಳೆಯದೇ, ಆದರೆ ಆಯ್ಕೆಯ ಕಣ್ಣು ಕುರುಡಾದರೆ ಹದಿನೇಳು ವರ್ಷವೂ ಸಾಲದು ಎಂಬುದು ಸುಬೇದಾರರ ನಿಲುವು. ಇಬ್ಬರೂ ಒಪ್ಪುವ ಮಾತು ಒಂದೇ: ಸೈನ್ಯದ ಮಟ್ಟ ಏರಿತೆ ಇಳಿಯಿತೆ ಎಂದು ತಿಳಿಯಬೇಕಾದರೆ ಭರ್ತಿ ಮೈದಾನದ ಓಟದ ವೇಗವನ್ನಾಗಲಿ, ಕಸಮ್ ಪರೇಡಿನ ಅಚ್ಚುಕಟ್ಟನ್ನಾಗಲಿ ನೋಡಿದರೆ ಸಾಲದು. ಉಳಿಸಿಕೊಂಡ ಅಗ್ನಿವೀರರಲ್ಲಿ ಎಷ್ಟು ಮಂದಿ, ಎಷ್ಟು ವರ್ಷಗಳಲ್ಲಿ, ಯಾವ ಪರೀಕ್ಷೆ ದಾಟಿ ಸೆಕ್ಷನ್ ಕಮಾಂಡರರಾದರು, ಅವರ ಪೈಕಿ ಎಷ್ಟು ಮಂದಿಯನ್ನು ಉಸ್ತಾದರಾಗಿ ಹಿಂದಕ್ಕೆ ಕರೆಸಲಾಯಿತು ಎಂಬ ಲೆಕ್ಕವನ್ನು ಸಂಸತ್ತು ಪ್ರತಿವರ್ಷ ಕೇಳಬೇಕು, ಸೈನ್ಯ ಕೊಡಬೇಕು. ಮಕ್ಕಳನ್ನು ಭರ್ತಿಗೆ ಕಳುಹಿಸುವ ಕುಂಬಾರವಾಡದ ತಂದೆತಾಯಂದಿರಿಗೂ ಸಂಬಳ, ಸೇವಾನಿಧಿಗಳ ಮೊತ್ತದಷ್ಟೇ ಆ ಲೆಕ್ಕವನ್ನು ತಿಳಿಯುವ ಹಕ್ಕಿದೆ. ಯುದ್ಧದ ದಿನ ಅವರ ಮಗನ ಅಥವಾ ಮಗಳ ಪ್ರಾಣ ನಿಂತಿರುವುದು ಪಕ್ಕದಲ್ಲಿ ಆಜ್ಞೆ ಕೊಡುತ್ತಿರುವ ಹವಾಲ್ದಾರನ ಯೋಗ್ಯತೆಯ ಮೇಲೆಯೇ.